ಹನ್ನೊಂದು ವರ್ಷದ ‘ಅಳಿಯ’, ಅರವತ್ತನಾಲ್ಕರ ‘ತಾಯಿ’: ಹಳೆಯ ಜನಗಣತಿಯಲ್ಲಿ ಸಂಬಂಧಗಳನ್ನು ಓದುವ ಬಗೆ

ಪ್ರಶ್ನೆ:

“ನಾನು ಬೆಂಗಳೂರಿನವಳು. ಅಪ್ಪ ಮಾಲೂರಿನವರು, ಅಮ್ಮ ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಮನೆತನದವರು. ಅಮ್ಮನ ತಾತ 1890ರ ದಶಕದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಕ್ಯಾಂಬೋರ್ನ್ ಊರಿನಿಂದ ಚಾಂಪಿಯನ್ ರೀಫ್ ಗಣಿಗೆ ಬಂದವರು. 1904ರಲ್ಲಿ ಇಲ್ಲೇ ನಮ್ಮ ಮುತ್ತಜ್ಜಿಯನ್ನು ಮದುವೆಯಾದರು. ಅವರ ಹಿಂದಿನ ಬದುಕು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ವರ್ಷದಿಂದ ಬ್ರಿಟನ್ನಿನ ಹಳೆಯ ಜನಗಣತಿ ದಾಖಲೆಗಳನ್ನು ನೋಡುತ್ತಿದ್ದೇನೆ. ನೋಡಿದಷ್ಟೂ ಗೊಂದಲ ಹೆಚ್ಚಾಗಿದೆ.

1881ರಲ್ಲಿ ಮುತ್ತಜ್ಜ 11 ವರ್ಷದ ಹುಡುಗ. ಮನೆಯ ಯಜಮಾನ 47 ವರ್ಷದ ತವರದ ಗಣಿ ಕೆಲಸಗಾರ. ಅವನ ಸರ್‌ನೇಮ್ ಬೇರೆ. ಹೆಂಡತಿಗೆ 34, ಒಬ್ಬ ಮಗಳಿಗೆ 17, ಒಬ್ಬ ಮಗನಿಗೆ 2. ಮುತ್ತಜ್ಜನ ಹೆಸರಿನ ಮುಂದೆ ‘ಸನ್-ಇನ್-ಲಾ’ ಎಂದಿದೆ. 5 ತಿಂಗಳ ಗಂಡು ಕೂಸೂ ಇದೆ, ಅದರ ಮುಂದೆ ‘ನರ್ಸ್ ಚೈಲ್ಡ್’ ಎಂದಿದೆ. ಸರ್‌ನೇಮ್ ಮಾತ್ರ ಮುತ್ತಜ್ಜನದೇ. 1891ರಲ್ಲಿ ಮುತ್ತಜ್ಜ ಇನ್ನೊಂದು ಮನೆಯಲ್ಲಿ ‘ಗ್ರ್ಯಾಂಡ್‌ಸನ್’. ಅಲ್ಲಿ ಯಜಮಾನಿ 64 ವರ್ಷದ ವಿಧವೆ, ಸರ್‌ನೇಮ್ ನಮ್ಮದೇ. ಮದುವೆಯಾಗದ 30 ವರ್ಷದ ಮಗಳು, 10 ವರ್ಷದ ‘ಮಗ’. ಆ ಮಗನ ಹೆಸರು 1881ರ ಕೂಸಿನ ಹೆಸರೇ. 1901ರ ಗಣತಿಯಲ್ಲಿ ಮುತ್ತಜ್ಜ ಇಲ್ಲ. ಆದರೆ ಕ್ಯಾಂಬೋರ್ನ್‌ನಲ್ಲಿ ನಮ್ಮ ಸರ್‌ನೇಮಿನ 29 ವರ್ಷದ ಹೆಂಗಸು, ‘ವೈಫ್’ ಎಂದು ಬರೆದಿದೆ, ಗಂಡ ಮನೆಯಲ್ಲಿಲ್ಲ. 4 ವರ್ಷದ ಮಗಳು, 2 ವರ್ಷದ ಮಗ, ಇಬ್ಬರೂ ಹುಟ್ಟಿದ್ದು ‘ಇಂಡಿಯಾ, ಮೈಸೂರು’!

ಅಂತರಜಾಲದಲ್ಲಿ ಯಾರೋ ಮಾಡಿಟ್ಟ ವಂಶವೃಕ್ಷದಲ್ಲಿ ಮುತ್ತಜ್ಜ ಆ 17ರ ಹುಡುಗಿಯನ್ನು ಮದುವೆಯಾದರು ಎಂದೂ, ಕೂಸು ಅವರ ತಮ್ಮ ಎಂದೂ ಇದೆ. ನಮ್ಮ ಸೋದರಮಾವ ‘ನಮ್ಮಲ್ಲಿ ಬಾಲ್ಯವಿವಾಹ ಇದ್ದ ಹಾಗೆ ಅಲ್ಲೂ ಇತ್ತೇನೋ, ಇನ್ನು ಕೆದಕಬೇಡ’ ಎನ್ನುತ್ತಾರೆ. ಮುತ್ತಜ್ಜ ಅಲ್ಲೊಂದು ಸಂಸಾರ ಬಿಟ್ಟು ಬಂದಿದ್ದರೇ? ನಮ್ಮ ಮುತ್ತಜ್ಜಿಗೆ ಮೋಸವಾಯಿತೇ? ಅಮ್ಮನಿಗೆ ಹೇಳುವ ಮೊದಲು ನಿಮ್ಮನ್ನು ಕೇಳೋಣ ಎನಿಸಿತು. ಮೈಸೂರು ಸಂಸ್ಥಾನದ ಜನಗಣತಿಯಲ್ಲೂ ಅವರ ಹೆಸರು ಸಿಗಬಹುದೇ?”

ಉತ್ತರ:

ಅಮ್ಮನಿಗೆ ಹೇಳುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ: ಹುಡುಗ ಯಾರ ಮಗ, ಆ ಕೂಸು ಯಾರದು, 1901ರ ಹೆಂಗಸು ಯಾರ ಹೆಂಡತಿ. ಮೊದಲ ಎರಡಕ್ಕೆ ನೀವು ಕಳಿಸಿದ ವಿವರಗಳಲ್ಲೇ ಬಹುಪಾಲು ಉತ್ತರ ಇದೆ. ಮೂರನೆಯದಕ್ಕೆ ಇಲ್ಲ. ಬರೀ ಜನಗಣತಿ ನೋಡಿ ಅದಕ್ಕೆ ಉತ್ತರ ಹೇಳಲೂ ಆಗದು. ನಿಮ್ಮ ಆತಂಕವೆಲ್ಲ ಇರುವುದು ಆ ಮೂರನೆಯದರಲ್ಲಿ ಎಂಬುದು ನನಗೆ ಗೊತ್ತು. ಆದರೂ ಮೊದಲಿನಿಂದಲೇ ಬರೋಣ.

ಈ ದಾಖಲೆ ಹೇಗೆ ತಯಾರಾಯಿತು ಎಂಬುದು ಮೊದಲು ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಗಣತಿಗೆ ಮುಂಚೆ ಮನೆಮನೆಗೂ ಒಂದು ನಮೂನೆ ಹಂಚುತ್ತಿದ್ದರು. ಗೊತ್ತುಪಡಿಸಿದ ಭಾನುವಾರ ರಾತ್ರಿ ಆ ಮನೆಯಲ್ಲಿ ಮಲಗಿದ್ದವರ ಹೆಸರನ್ನೆಲ್ಲ ಯಜಮಾನ ಬರೆಯಬೇಕು. 1881ರಲ್ಲಿ ಅದು ಏಪ್ರಿಲ್ 3, 1891ರಲ್ಲಿ ಏಪ್ರಿಲ್ 5, 1901ರಲ್ಲಿ ಮಾರ್ಚ್ 31. ಓದುಬರಹ ಬಾರದಿದ್ದರೆ ಗಣತಿದಾರ ಬಾಗಿಲಲ್ಲಿ ನಿಂತು ಕೇಳಿ ಬರೆದುಕೊಳ್ಳುತ್ತಿದ್ದ. ಆಮೇಲೆ ಎಲ್ಲವನ್ನೂ ತನ್ನ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. ಮನೆಯವರು ತುಂಬಿದ ಮೂಲ ನಮೂನೆಗಳನ್ನು ನಂತರ ನಾಶಮಾಡಿದರು. 1841ರಿಂದ 1901ರವರೆಗೆ ನಾವು ನೋಡುತ್ತಿರುವುದು ಗಣತಿದಾರನ ನಕಲನ್ನೇ. ಜಾಲತಾಣದಲ್ಲಿ ಟೈಪಾಗಿ ಕಾಣುವುದು ಆ ನಕಲಿನ ನಕಲು. ಹೀಗಾಗಿ ನಾನು ಯಾರಿಗೇ ಆದರೂ ಮೊದಲು ಹೇಳುವುದು, ಟೈಪಾದ ಪಟ್ಟಿಯನ್ನು ಬಿಟ್ಟು ಪುಟದ ಚಿತ್ರವನ್ನೇ ತೆರೆದು ನೋಡಿ ಎಂದು. ಮೇಲಿನ ಸಾಲಿನದೇ ಎಂಬ ಅರ್ಥದ ‘ಡು’ (ಡಿಟ್ಟೊ) ಗುರುತನ್ನು ಟೈಪು ಮಾಡುವವರು ತಪ್ಪಾಗಿ ಹಿಡಿದು, ಮಲಮಗನಿಗೆ ಮಲತಂದೆಯ ಸರ್‌ನೇಮ್ ಅಂಟಿಸಿದ್ದನ್ನು ಬಹಳ ಸಲ ನೋಡಿದ್ದೇನೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸಂಬಂಧದ ಅಂಕಣ ಪ್ರತಿಯೊಬ್ಬರನ್ನೂ ಯಜಮಾನನಿಗೆ ಮಾತ್ರ ಜೋಡಿಸುತ್ತದೆ. ಉಳಿದವರು ತಮ್ಮತಮ್ಮೊಳಗೆ ಏನಾಗಬೇಕು ಎಂಬುದನ್ನು ಅದು ಹೇಳುವುದೇ ಇಲ್ಲ. ‘ಹೆಂಡತಿ’ ಎಂದರೆ ಯಜಮಾನನ ಹೆಂಡತಿ, ‘ಮಗಳು’ ಎಂದರೆ ಯಜಮಾನನ ಮಗಳು. ಆ ಹೆಂಡತಿಯೇ ಆ ಮಗಳ ತಾಯಿ ಎಂದು ಆ ಪುಟದಲ್ಲಿ ಎಲ್ಲೂ ಬರೆದಿಲ್ಲ, ಅದು ನಾವು ಸೇರಿಸಿಕೊಂಡದ್ದು. ನಿಮ್ಮ 1881ರ ಮನೆಯನ್ನೇ ತೆಗೆದುಕೊಳ್ಳಿ. ಹೆಂಡತಿಗೆ 34, ಮಗಳಿಗೆ 17. ಹದಿನೇಳಕ್ಕೇ ಹೆತ್ತಿರಬಹುದು, ಅಸಾಧ್ಯವಲ್ಲ. ಆದರೆ ಅದೇ ಮನೆಯಲ್ಲಿ ಬೇರೆ ಸರ್‌ನೇಮಿನ ಹನ್ನೊಂದರ ಹುಡುಗ ಇರುವಾಗ, ಆ ಹುಡುಗಿ ಯಜಮಾನನ ಮೊದಲ ಹೆಂಡತಿಯ ಮಗಳಾಗಿರುವ ಸಂಭವವೇ ಹೆಚ್ಚು.

ಈಗ ‘ಸನ್-ಇನ್-ಲಾ’ ವಿಷಯ. ಮಾವನವರ ಊಹೆ ಸರಿಯಲ್ಲ. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಗೆ ಹುಡುಗನಿಗೆ ಕನಿಷ್ಠ 14, ಹುಡುಗಿಗೆ 12 ಆಗಿರಬೇಕಿತ್ತು. 1929ರಲ್ಲಿ ಇಬ್ಬರಿಗೂ 16 ಮಾಡಿದರು. ಅಂದರೆ 11 ವರ್ಷದ ಹುಡುಗನಿಗೆ ಕಾನೂನಿನ ಪ್ರಕಾರ ಮದುವೆ ಸಾಧ್ಯವೇ ಇರಲಿಲ್ಲ. ಗಣಿ ಕೆಲಸಗಾರರ ಮನೆಗಳಲ್ಲೂ ಸಾಮಾನ್ಯವಾಗಿ ಇಪ್ಪತ್ತು ದಾಟಿದ ಮೇಲೆಯೇ ಮದುವೆ. ಆ ಕಾಲದಲ್ಲಿ ಮದುವೆಯ ಮೂಲಕ ಬಂದ ಯಾವ ಮಗನನ್ನಾದರೂ ಸನ್-ಇನ್-ಲಾ ಎನ್ನುತ್ತಿದ್ದರು: ಮಗಳ ಗಂಡನನ್ನೂ ಸರಿ, ಹೆಂಡತಿ ತನ್ನ ಮೊದಲ ಮದುವೆಯಿಂದ ಕರೆತಂದ ಮಗನನ್ನೂ ಸರಿ. ಡಾಟರ್-ಇನ್-ಲಾ, ಮದರ್-ಇನ್-ಲಾ ಕೂಡ ಹೀಗೆಯೇ. ಮಲಮಗಳು, ಮಲತಾಯಿ ಆಗಿರಬಹುದು. ವಯಸ್ಕರ ವಿಷಯದಲ್ಲಿ ಇದು ನಿಜವಾಗಿಯೂ ತೊಡಕಿನದು. ಚಿಕ್ಕ ಹುಡುಗ, ಅವಿವಾಹಿತ, ಸರ್‌ನೇಮ್ ಬೇರೆ ಎಂದಾದರೆ ಅನುಮಾನಕ್ಕೆ ಜಾಗ ಕಡಿಮೆ. ನಿಮ್ಮ ಮುತ್ತಜ್ಜ ಆ ಮನೆಯ ಮಲಮಗ. ತಾಯಿ ಆ 34ರ ಹೆಂಗಸು. ತಂದೆ ತೀರಿಕೊಂಡ ಮೇಲೆ ತಾಯಿ ಎರಡನೇ ಮದುವೆಯಾದಳು. 17ರ ಹುಡುಗಿಗೂ ಅವರಿಗೂ ಬಹುಶಃ ರಕ್ತಸಂಬಂಧ ಇಲ್ಲ, ಮದುವೆಯಂತೂ ಆಗಿರಲಿಲ್ಲ. ಎರಡು ವರ್ಷದ ಮಗು ಮಾತ್ರ ಅವರ ಅರೆ ತಮ್ಮ, ತಾಯಿ ಒಬ್ಬಳೇ.

ಇದನ್ನು ಗಟ್ಟಿ ಮಾಡಿಕೊಳ್ಳಲು ಒಂದೇ ದಾಖಲೆ ಸಾಕು. ಆ ದಂಪತಿಯ ಮದುವೆ 1870 ಮತ್ತು 1879ರ ನಡುವೆ ಆಗಿರಬೇಕು. ಮದುವೆ ಪತ್ರದಲ್ಲಿ ವಧು ‘ವಿಧವೆ’ ಎಂದಿದ್ದು, ಅವಳ ಅಂದಿನ ಸರ್‌ನೇಮ್ ನಿಮ್ಮ ಮುತ್ತಜ್ಜನದೇ ಆಗಿದ್ದರೆ ಕಥೆ ಪೂರ್ತಿಯಾಯಿತು. ‘ಕನ್ಯೆ’ ಎಂದಿದ್ದರೆ ಮಾತ್ರ ಬೇರೆ ದಾರಿ. ಆಗ ಮುತ್ತಜ್ಜನ ಸರ್‌ನೇಮ್ ಅವಳ ತವರಿನದು ಎಂದಾಗುತ್ತದೆ. ಆದರೆ 1891ರ ಅಜ್ಜಿಯ ಸರ್‌ನೇಮ್ ಕೂಡ ಅದೇ ಇರುವುದರಿಂದ, ಆ ಅಜ್ಜಿ ತಂದೆಯ ತಾಯಿಯೋ ತಾಯಿಯ ತಾಯಿಯೋ ಎಂಬುದನ್ನೂ ಈ ಒಂದೇ ಪತ್ರ ತೀರ್ಮಾನಿಸುತ್ತದೆ. ಮೊದಲು ಹಣ ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ.

ಕಾರ್ನ್‌ವಾಲ್‌ನಲ್ಲಿ ಇಂಥ ಬೆಸೆದ ಮನೆಗಳು ಅಷ್ಟೊಂದು ಯಾಕೆ ಎಂದು ನೀವು ಕೇಳಬಹುದು. ಗಣಿಯ ಕಲ್ಲುಧೂಳು ಗಂಡಸರ ಶ್ವಾಸಕೋಶ ತಿನ್ನುತ್ತಿತ್ತು. ಅಪಘಾತಗಳು ಬೇರೆ. ಮೂವತ್ತು ನಲವತ್ತರಲ್ಲಿ ಗಂಡಸು ಹೋದರೆ, ಕೈಮಕ್ಕಳ ವಿಧವೆಗೆ ನಿರ್ಗತಿಕರನ್ನು ದುಡಿಸಿಕೊಂಡು ಆಶ್ರಯ ಕೊಡುತ್ತಿದ್ದ ವರ್ಕ್‌ಹೌಸಿನ ಭಯ ಇದ್ದೇ ಇತ್ತು, ಇನ್ನೊಂದು ಮದುವೆ ಅದರಿಂದ ಪಾರಾಗುವ ದಾರಿ. ಹೆಂಡತಿ ಸತ್ತ ಗಂಡಸಿಗೂ ಮಕ್ಕಳನ್ನು ನೋಡಿಕೊಳ್ಳುವವರು ಬೇಕಿತ್ತು. 1866ರಲ್ಲಿ ಅಲ್ಲಿನ ತಾಮ್ರದ ಗಣಿಗಳು ಕುಸಿದವು, 1870ರ ದಶಕದಲ್ಲಿ ತವರದ ಬೆಲೆಯೂ ಬಿತ್ತು. ದುಡಿಯುವ ಗಂಡಸರು ಅಮೆರಿಕ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕ, ಮೆಕ್ಸಿಕೊ ಎಂದು ಚದುರಿದರು. ಕಾರ್ನ್‌ವಾಲ್‌ನ ಗಣಿಗಳನ್ನು ನಡೆಸಿ ಪಳಗಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಆಡಳಿತ ಹಿಡಿದಾಗ, ಗಣಿ ಕ್ಯಾಪ್ಟನ್ ಎನ್ನುತ್ತಿದ್ದ ಮೇಲ್ವಿಚಾರಕರನ್ನೂ ನುರಿತ ಕೆಲಸಗಾರರನ್ನೂ ತಮಗೆ ಗೊತ್ತಿದ್ದ ಕ್ಯಾಂಬೋರ್ನ್, ರೆಡ್ರೂತ್ ಕಡೆಯಿಂದಲೇ ಕರೆಸಿಕೊಂಡರು. ನಿಮ್ಮ ಮುತ್ತಜ್ಜ ಹಿಡಿದದ್ದು ಆ ದಾರಿಯನ್ನೇ.

ಇನ್ನು ಆ ಕೂಸಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಅಂಕಗಳೇ ಮಾತಾಡುವ ಇಂಥ ಪ್ರಕರಣ ಅಪರೂಪ.

1881ರ ಏಪ್ರಿಲ್ 3ಕ್ಕೆ 5 ತಿಂಗಳು ಎಂದರೆ ಕೂಸು ಹುಟ್ಟಿದ್ದು 1880ರ ಅಕ್ಟೋಬರ್ ಅಥವಾ ನವೆಂಬರ್ ಮೊದಲಲ್ಲಿ. ಆ ಮನೆಯಲ್ಲಿ ಎರಡು ವರ್ಷದ ಮಗನಿದ್ದಾನೆ, ಅವನ ಸರ್‌ನೇಮ್ ಯಜಮಾನನದು. ಅಂದರೆ ನಿಮ್ಮ ಮುತ್ತಜ್ಜನ ತಾಯಿ 1879ರ ಹೊತ್ತಿಗೇ ಎರಡನೇ ಮದುವೆಯಾಗಿದ್ದಳು, ಮೊದಲ ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಹಾಗಿದ್ದ ಮೇಲೆ 1880ರ ಕೊನೆಯಲ್ಲಿ ಹುಟ್ಟಿದ ಕೂಸಿಗೆ ಸತ್ತವನ ಸರ್‌ನೇಮ್ ಅವಳ ಮೂಲಕ ಬರಲಾರದು. ಅವಳೇ ಹೆತ್ತಿದ್ದರೆ ಆ ಸಾಲಿನಲ್ಲಿ ‘ಮಗ’ ಎಂದಿರುತ್ತಿತ್ತು. ಹೀಗಾಗಿ ಅಂತರಜಾಲದ ವಂಶವೃಕ್ಷ ಹೇಳುವಂತೆ ಆ ಕೂಸು ಮುತ್ತಜ್ಜನ ತಮ್ಮ ಆಗಲಾರದು.

‘ನರ್ಸ್ ಚೈಲ್ಡ್’ ಎಂದರೆ ಸಾಕಲು ಒಪ್ಪಿಸಿದ ಮಗು, ಸಾಮಾನ್ಯವಾಗಿ ವಾರಕ್ಕಿಷ್ಟು ಎಂದು ದುಡ್ಡು ಕೊಟ್ಟು. ಹೆಚ್ಚಾಗಿ ಮದುವೆಯಾಗದ ತಾಯಂದಿರು ಕೆಲಸಕ್ಕೆ ಹಿಂತಿರುಗಲು ಹೀಗೆ ಮಾಡುತ್ತಿದ್ದರು. ಮೊಲೆಹಾಲು ಇನ್ನೂ ಇರುವ ಮನೆ ಆದರೆ ಇನ್ನೂ ಅನುಕೂಲ. ಎರಡು ವರ್ಷದ ಮಗುವಿನ ತಾಯಿ ಅಲ್ಲಿದ್ದಾಳೆ ಎಂಬುದನ್ನು ಗಮನಿಸಿ.

ಈಗ 1891ಕ್ಕೆ ಬನ್ನಿ. ಅದೇ ಹೆಸರಿನ ಹುಡುಗನಿಗೆ 10 ವರ್ಷ. 1880ರ ಕೊನೆಯಲ್ಲಿ ಹುಟ್ಟಿದವನಿಗೆ ಸರಿಯಾಗಿ ಅಷ್ಟೇ ಆಗಬೇಕು. ಅವನನ್ನು 64 ವರ್ಷದ ವಿಧವೆಯ ‘ಮಗ’ ಎಂದು ಬರೆದಿದೆ. ಅಂದರೆ ಅವನು ಹುಟ್ಟಿದಾಗ ಅವಳಿಗೆ 53. ಹೆಂಗಸರು ನಲವತ್ತೈದರ ಆಚೆ ಹೆರುವುದು ವಿರಳ, ಐವತ್ತರ ಆಚೆ ಇಲ್ಲವೇ ಇಲ್ಲ ಎನ್ನಬಹುದು. ಅದೇ ಮನೆಯಲ್ಲಿ 30 ವರ್ಷದ, ಮದುವೆಯಾಗದ ಮಗಳಿದ್ದಾಳೆ. 1880ರಲ್ಲಿ ಅವಳಿಗೆ 19 ಇದ್ದಿರಬೇಕು. ನನ್ನ ಅಂದಾಜು ಹೀಗಿದೆ: ಆ ಹುಡುಗಿಗೆ ಮದುವೆಯ ಮೊದಲೇ ಮಗು ಹುಟ್ಟಿತು. ಮಗುವಿಗೆ ತಾಯಿಯ ಸರ್‌ನೇಮ್. ಅಣ್ಣನ ವಿಧವೆ, ಅಂದರೆ ನಿಮ್ಮ ಮುತ್ತಜ್ಜನ ತಾಯಿ, ಎರಡನೇ ಮದುವೆಯಾಗಿದ್ದರೂ ಹಳೆಯ ಅತ್ತೆಮನೆಯ ನಂಟು ಬಿಟ್ಟಿರಲಿಲ್ಲ. ನಾದಿನಿಯ ಕೂಸನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದಳು. ಆಮೇಲೆ ಹುಡುಗ ಅಜ್ಜಿಯ ಮನೆಗೆ ಬಂದು ಅಜ್ಜಿಯ ‘ಮಗ’ ಆದ. ಹಾಗಿದ್ದರೆ ಅವನು ನಿಮ್ಮ ಮುತ್ತಜ್ಜನಿಗೆ ಸೋದರತ್ತೆಯ ಮಗ.

ಇದು ಅಂದಾಜು, ಆದರೆ ಪರೀಕ್ಷಿಸಿ ನೋಡಬಹುದಾದ ಅಂದಾಜು. ಇಂಗ್ಲೆಂಡಿನ ಜನನ ನೋಂದಣಿ ಕಚೇರಿಯ ಜಾಲತಾಣದಲ್ಲಿ 1837ರಿಂದ ಹಿಡಿದು ಜನನ ಸೂಚಿ ಇದೆ, ಹುಡುಕಲು ದುಡ್ಡು ಕೊಡಬೇಕಿಲ್ಲ, ತಾಯಿಯ ತವರಿನ ಸರ್‌ನೇಮ್ ಕೂಡ ಅದರಲ್ಲಿದೆ. ಮದುವೆಯಾಗದ ತಾಯಿಯ ಮಗುವಾದರೆ ಸಾಮಾನ್ಯವಾಗಿ ಆ ಜಾಗ ಖಾಲಿ ಇರುತ್ತದೆ. 1880ರ ಕೊನೆಯ ತ್ರೈಮಾಸಿಕದಲ್ಲಿ ರೆಡ್ರೂತ್ ನೋಂದಣಿ ಜಿಲ್ಲೆಯಲ್ಲಿ ಹುಡುಕಿ. ಕ್ಯಾಂಬೋರ್ನ್ ಅದರೊಳಗೇ ಬರುತ್ತದೆ. ಪತ್ರ ತರಿಸಿದರೆ ತಾಯಿಯ ಹೆಸರು ಇರುತ್ತದೆ, ತಂದೆಯ ಅಂಕಣ ಖಾಲಿ ಇರಬಹುದು. ಆ ಖಾಲಿ ಅಂಕಣ ಕಂಡು ತಂದೆ ಯಾರೆಂದು ತಾಯಿಗೇ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. 1875ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಮದುವೆಯಾಗದ ತಂದೆ ತಾನೇ ಜೊತೆಗೆ ಬಂದು ಸಹಿ ಹಾಕದ ಹೊರತು ಅವನ ಹೆಸರನ್ನು ಬರೆಯುವಂತಿರಲಿಲ್ಲ.

ಇದನ್ನೆಲ್ಲ ‘ಸುಳ್ಳು’ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಅಜ್ಜಿಯನ್ನು ಗಣತಿದಾರ ಕೇಳಿದ. ಗಣತಿದಾರ ಎಂದರೆ ಅದೇ ಊರಿನವನು, ಶಾಲೆಯ ಮೇಷ್ಟರೋ ಅಂಗಡಿಯವನೋ. ಹತ್ತು ವರ್ಷ ಅನ್ನ ಹಾಕಿ ಬೆಳೆಸಿದ ಹುಡುಗನನ್ನು, ಪಕ್ಕದಲ್ಲೇ ಕೂತಿದ್ದ ಮಗಳ ಮಾನ ಉಳಿಸಿ, ಮಗ ಎಂದಳು. ಕಾನೂನುಬದ್ಧ ದತ್ತು ಎಂಬುದೇ ಇಂಗ್ಲೆಂಡಿನಲ್ಲಿ ಬಂದದ್ದು 1926ರ ಕಾಯಿದೆಯಿಂದ. ಅದಕ್ಕೂ ಮೊದಲು ಸಾಕಿದವರೇ ತಾಯಿತಂದೆ, ಕಾಗದಪತ್ರ ಇರಲಿಲ್ಲ. ದಾಖಲೆಯಲ್ಲಿ ಇರುವುದು ಆ ಮನೆ ತನ್ನನ್ನು ತಾನು ಕಂಡ ರೀತಿ. ಹೆತ್ತವರು ಯಾರು ಎಂದು ನಮಗೆ ಬೇಕಾದರೆ ಬೇರೆ ಕಡೆ ಹುಡುಕಬೇಕು.

ಇನ್ನು ಕೆಲವು ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಹಿಂದಕ್ಕೆ ಹೋದಂತೆ ನಿಮಗೆ ಬೇಕಾಗುತ್ತವೆ. ‘ಕಸಿನ್’ ಎಂದರೆ ದೂರದ ಯಾವ ನೆಂಟನೂ ಆಗಬಹುದು. ‘ನೆಫ್ಯೂ’, ‘ನೀಸ್’ ಹೆಂಡತಿಯ ಕಡೆಯವರೂ ಆಗಿರಬಹುದು. ಕೆಲವೊಮ್ಮೆ ಮದುವೆಯಾಗದ ಮಗಳ ಮಗುವಿಗೂ ಅದೇ ಹೆಸರು. ‘ವಿಸಿಟರ್’ ಎಂದು ಬರೆದವರನ್ನು ಕಡೆಗಣಿಸಬೇಡಿ, ಹೆಂಡತಿಯ ತಂಗಿ ಬಾಣಂತನಕ್ಕೆ ಬಂದಿರುತ್ತಾಳೆ. ವಿಧುರನ ಮನೆಯಲ್ಲಿ ‘ಸಿಸ್ಟರ್-ಇನ್-ಲಾ’ ಅಥವಾ ‘ಹೌಸ್‌ಕೀಪರ್’ ವರ್ಷಗಟ್ಟಲೆ ಇದ್ದು ಮಕ್ಕಳೂ ಹುಟ್ಟುತ್ತಿದ್ದರೆ ಒಂದು ಕಾನೂನು ನೆನಪಿರಲಿ. ನಮ್ಮಲ್ಲಿ ಹೆಂಡತಿ ಹೋದರೆ ಅವಳ ತಂಗಿಯನ್ನೇ ತಂದುಕೊಳ್ಳುವುದು ಸಾಮಾನ್ಯವಾಗಿತ್ತಲ್ಲ. ಇಂಗ್ಲೆಂಡಿನಲ್ಲಿ 1835ರಿಂದ 1907ರವರೆಗೆ ಅಂಥ ಮದುವೆಗೆ ಮಾನ್ಯತೆಯೇ ಇರಲಿಲ್ಲ. ಮದುವೆಯಾಗಬೇಕೆಂದಿದ್ದರೂ ಆಗಲಾರದವರು ಅವರು. ಇನ್ನು 1841ಕ್ಕೆ ತಲುಪಿದರೆ ಸಂಬಂಧದ ಅಂಕಣವೇ ಇರುವುದಿಲ್ಲ, ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿರುತ್ತಾರೆ. ಅಲ್ಲಿ ಒಟ್ಟಿಗಿರುವ ಗಂಡಸು ಹೆಂಗಸು ಗಂಡಹೆಂಡತಿಯೋ ಅಣ್ಣತಂಗಿಯೋ ಎಂದು 1851ರ ಪುಟ ಸಿಗುವವರೆಗೆ ಹೇಳಲಾಗದು.

ಈಗ ನಿಮ್ಮ ನಿದ್ದೆಗೆಡಿಸಿರುವ ಮೂರನೇ ಪ್ರಶ್ನೆ.

1901ರ ಆ ಪುಟ ಏನನ್ನು ಹೇಳುತ್ತದೆ? ಒಬ್ಬ ಹೆಂಗಸು ವಿವಾಹಿತೆ. ಗಂಡ ಆ ರಾತ್ರಿ ಮನೆಯಲ್ಲಿಲ್ಲ. ಅದಕ್ಕೇ ಅವಳೇ ಮೊದಲಿಗಳಾದರೂ ‘ಹೆಡ್’ ಬದಲು ‘ವೈಫ್’ ಎಂದಿದೆ. ಅವಳ ಇಬ್ಬರು ಮಕ್ಕಳು ಮೈಸೂರು ಸೀಮೆಯಲ್ಲಿ ಹುಟ್ಟಿದವರು. ಇಷ್ಟೇ. ಗಂಡನ ಹೆಸರು ಅಲ್ಲಿಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾದಾಗ, ಇಲ್ಲವೇ ಬಿಸಿಲು, ಕಾಲರಾ, ಜ್ವರಗಳಿಗೆ ಹೆದರಿ, ತಾಯಿಯನ್ನೂ ಮಕ್ಕಳನ್ನೂ ಊರಿಗೆ ಕಳಿಸುವುದು ಕೆಜಿಎಫ್‌ನ ಯುರೋಪಿಯನ್ ಕುಟುಂಬಗಳಲ್ಲಿ ತೀರಾ ಸಾಮಾನ್ಯ. ಗಂಡ ಇಲ್ಲಿಂದ ತಿಂಗಳಿಗಿಷ್ಟು ಎಂದು ಕಳಿಸುತ್ತಿದ್ದ. ಗಂಡ ಮನೆಯಲ್ಲಿಲ್ಲದ್ದು ಬಿಟ್ಟುಹೋದದ್ದರ ಗುರುತಲ್ಲ.

ಹಾಗಾದರೆ ಆ ಗಂಡ ಯಾರು? ಮೂರು ಸಾಧ್ಯತೆಗಳಿವೆ.

ಒಂದು, ಅವನು ನಿಮ್ಮ ಮುತ್ತಜ್ಜನೇ ಅಲ್ಲ. ಜನ ಇದನ್ನು ಬೇಗ ದಾಟಿ ಹೋಗುತ್ತಾರೆ, ನಾನು ದಾಟಲು ಬಿಡುವುದಿಲ್ಲ. ಕ್ಯಾಂಬೋರ್ನ್ ಸುತ್ತಮುತ್ತ ಬೆರಳೆಣಿಕೆಯ ಸರ್‌ನೇಮ್‌ಗಳೇ ಮತ್ತೆ ಮತ್ತೆ ಬರುತ್ತವೆ, ಹೆಸರುಗಳೂ ಅವೇ. ಒಬ್ಬ ಕೋಲಾರಕ್ಕೆ ಬಂದರೆ ಚಿಕ್ಕಪ್ಪನ ಮಗ, ದೊಡ್ಡಪ್ಪನ ಮಗ ಹಿಂದೆಯೇ ಬರುತ್ತಿದ್ದರು. ನಿಮ್ಮ ಸರ್‌ನೇಮಿನ ಇಬ್ಬರು ಮೂವರು ಗಂಡಸರು ಒಂದೇ ಕಾಲಕ್ಕೆ ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳಲ್ಲಿ ಇದ್ದಿದ್ದರೆ ನನಗೆ ಏನೂ ಆಶ್ಚರ್ಯವಿಲ್ಲ.

ಎರಡು, ಅವನು ನಿಮ್ಮ ಮುತ್ತಜ್ಜನೇ, ಮೊದಲ ಹೆಂಡತಿ 1901 ಮತ್ತು 1904ರ ನಡುವೆ ತೀರಿಕೊಂಡಳು. ಆಗ ನಿಮ್ಮ ಮುತ್ತಜ್ಜಿ ಎರಡನೇ ಹೆಂಡತಿ, ಮದುವೆ ಸಂಪೂರ್ಣ ಸಕ್ರಮ. ಎರಡನೇ ಸಂಬಂಧದ ವಿಷಯವನ್ನು ಮನೆಯಲ್ಲಿ ಮಾತಾಡದೆ ಬಿಟ್ಟಿದ್ದರೆ, ಎರಡು ತಲೆಮಾರು ಕಳೆಯುವಷ್ಟರಲ್ಲಿ ಗೊತ್ತಿರುವವರೇ ಇರುವುದಿಲ್ಲ.

ಮೂರು, ಮೊದಲ ಹೆಂಡತಿ ಬದುಕಿರುವಾಗಲೇ ಇಲ್ಲಿ ಮದುವೆಯಾದರು. ಅಂಥವೂ ಆಗುತ್ತಿದ್ದವು. ವಿಚ್ಛೇದನ ದುಡ್ಡಿದ್ದವರ ಕೈಗೆ ಮಾತ್ರ ಎಟಕುವ ಮಾತು. ಏಳು ವರ್ಷ ದೂರವಿದ್ದರೆ ಮದುವೆ ತಾನಾಗಿಯೇ ಮುರಿಯುತ್ತದೆ ಎಂದು ಜನ ನಂಬಿದ್ದರು. ಅದು ತಪ್ಪು ತಿಳಿವಳಿಕೆ. ಏಳು ವರ್ಷ ಸಂಗಾತಿ ಬದುಕಿದ್ದಾರೆಂಬ ಸುದ್ದಿಯೇ ಇಲ್ಲದವರಿಗೆ 1861ರ ಕಾಯಿದೆ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿತ್ತು, ಎರಡನೇ ಮದುವೆಗೆ ಮಾನ್ಯತೆ ಕೊಟ್ಟಿರಲಿಲ್ಲ.

ಈ ಮೂರನ್ನು ಬಿಡಿಸಲು ಮೊದಲು 1904ರ ಮದುವೆಯ ನಮೂದನ್ನು ಹಿಡಿಯಿರಿ. ಅದರಲ್ಲಿ ವರನ ವಯಸ್ಸು, ಕಸುಬು, ತಂದೆಯ ಹೆಸರು, ಜೊತೆಗೆ ‘ಬ್ಯಾಚುಲರ್’ ಅಥವಾ ‘ವಿಡೋವರ್’ ಎಂಬ ಒಂದು ಪದ ಇರುತ್ತದೆ. ‘ವಿಡೋವರ್’ ಎಂದಿದ್ದರೆ ಎರಡನೇ ಸಾಧ್ಯತೆ ಬಲವಾಯಿತು. ‘ಬ್ಯಾಚುಲರ್’ ಎಂದಿದ್ದರೆ ಮೊದಲನೆಯದೋ ಮೂರನೆಯದೋ. ಆಮೇಲೆ ಆ ಇಬ್ಬರು ಮಕ್ಕಳ ದೀಕ್ಷಾಸ್ನಾನ: ಸುಮಾರು 1896ರಿಂದ 1899ರ ನಡುವಿನದು. ಅದರಲ್ಲಿ ತಂದೆಯ ಪೂರ್ತಿ ಹೆಸರು, ಕಸುಬು, ಯಾವ ಗಣಿ ಎಂಬುದು ಇರಬಹುದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಚರ್ಚುಗಳಿಂದ ಹೋದ ಪ್ರತಿಗಳಿವೆ. ಬೆಂಗಳೂರು, ಕೋಲಾರ ಕಡೆಯವು ಮದ್ರಾಸ್ ಸಾಲಿನಲ್ಲಿ, ಅಂದರೆ ‘ಎನ್ 2’ ಎಂಬ ಗುರುತಿನಲ್ಲಿ ಸಿಗುತ್ತವೆ. ಫೈಂಡ್‌ಮೈಪಾಸ್ಟ್ ಜಾಲತಾಣದಲ್ಲಿ ಚಿತ್ರಗಳಿವೆ. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ಇತಿಹಾಸ ಹುಡುಕುವವರ ಸಂಸ್ಥೆಯಾದ ಫಿಬಿಸ್‌ನ ಹುಡುಕಾಟ ಉಚಿತ. ಆದರೆ ಎಚ್ಚರ: ಕಾರ್ನ್‌ವಾಲ್‌ನ ಗಣಿಯವರಲ್ಲಿ ಮೆಥೊಡಿಸ್ಟರು ಹೆಚ್ಚು, ಅದು ಬೇರೆ ಪ್ರಾಟೆಸ್ಟಂಟ್ ಪಂಗಡ, ಅವರ ನಮೂದುಗಳು ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಪಟ್ಟಿಯಲ್ಲಿ ಸಿಗದೆ ಹೋಗಬಹುದು. ಸಿಗಲಿಲ್ಲ ಎಂದರೆ ಮದುವೆಯೇ ಆಗಿಲ್ಲ ಎಂದಲ್ಲ. ಕೆಜಿಎಫ್‌ನ ಚರ್ಚುಗಳಲ್ಲೇ ರಿಜಿಸ್ಟರ್ ಕೇಳಿ ನೋಡಿ. ನೀವು ಬೆಂಗಳೂರಿನಲ್ಲೇ ಇರುವುದು ಒಂದು ಅನುಕೂಲ. ಪಾದ್ರಿಯವರಿಗೆ ಮೊದಲೇ ಪತ್ರ ಬರೆದು, ವರ್ಷ ಹೇಳಿ ಹೋದರೆ ಕೆಲಸವಾಗುತ್ತದೆ.

ನೋಡಬೇಕಾದ ಮೂರನೇ ದಾಖಲೆ, ಇಂಗ್ಲೆಂಡಿನ 1911ರ ಏಪ್ರಿಲ್ 2ರ ಗಣತಿ. ಅದರಲ್ಲಿ ಮನೆಯವರೇ ತುಂಬಿದ ನಮೂನೆ ಉಳಿದಿದೆ, ಆ ಹೆಂಗಸಿನ ಕೈಬರಹವನ್ನೇ ನೀವು ನೋಡಬಹುದು. ವಿವಾಹಿತ ಹೆಂಗಸರಿಗೆ ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ, ಎಷ್ಟು ತೀರಿಕೊಂಡರು ಎಂದು ಆ ವರ್ಷ ಕೇಳಿದ್ದರು. ಅವಳು ಅಲ್ಲಿದ್ದು, ಮನೆಯಲ್ಲಿ ಗಂಡನೂ ಇದ್ದರೆ ನಿಮ್ಮ ಪ್ರಶ್ನೆ ಅಲ್ಲಿಗೇ ಮುಗಿಯಿತು. ಅವಳು ಇಲ್ಲದೆ ಮಕ್ಕಳು ಅಜ್ಜಿಯ ಮನೆಯಲ್ಲಿದ್ದರೆ ತಾಯಿಯ ಮರಣ ಹುಡುಕಿ. ‘ವಿಧವೆ’ ಎಂದು ಬರೆದಿದ್ದರೆ ಮಾತ್ರ ಅದನ್ನೊಂದನ್ನೇ ನಂಬಬೇಡಿ. ಗಂಡನಿಂದ ಸುದ್ದಿ ನಿಂತುಹೋದ ಹೆಂಗಸರು ಮರ್ಯಾದೆಗಾಗಿ ಹಾಗೆ ಬರೆಸಿದ್ದುಂಟು. 1921ರ ಗಣತಿ ಹದಿನೈದರ ಒಳಗಿನ ಮಕ್ಕಳ ತಂದೆತಾಯಿ ಬದುಕಿದ್ದಾರೆಯೇ ಎಂದು ಕೇಳಿತ್ತು, ಆದರೆ ನಿಮ್ಮ ಈ ಮಕ್ಕಳಿಗೆ ಆಗ ಇಪ್ಪತ್ತು ದಾಟಿತ್ತು, ಉಪಯೋಗಕ್ಕೆ ಬಾರದು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಎಂದು ನೀವು ಮುಂದೆ ಕೇಳಬಹುದು. ಕಾಗದಗಳೆಲ್ಲ ಸೋತ ಮೇಲೆ ಅದು ಒಳ್ಳೆಯ ದಾರಿ. ಮಾಡಿಸುವುದಿದ್ದರೆ ನಿಮ್ಮದಕ್ಕಿಂತ ಅಮ್ಮನದೋ ಸೋದರಮಾವನದೋ ಮಾಡಿಸಬೇಕು, ಅವರು ಒಂದು ತಲೆಮಾರು ಹತ್ತಿರ. ಕ್ಯಾಂಬೋರ್ನ್‌ನ ಆ ಮಕ್ಕಳು ಮುತ್ತಜ್ಜನವರೇ ಆಗಿದ್ದರೆ, ಅವರ ಮಕ್ಕಳಿಗೂ ಅಮ್ಮನಿಗೂ ಸರಾಸರಿ ಶೇ 6ರಷ್ಟು ಡಿಎನ್‌ಎ ಹಂಚಿಕೆ ಇರುತ್ತದೆ, ಮೊಮ್ಮಕ್ಕಳಾದರೆ ಅದರ ಅರ್ಧ. ದೂರದ ದಾಯಾದಿಯ ಮಕ್ಕಳಾಗಿದ್ದರೆ ಶೇ 1ಕ್ಕೂ ಕೆಳಗೆ. ಆದರೆ ಇದರಲ್ಲಿ ನೀವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರುವುದಿಲ್ಲ, ಕೇಳದ್ದಕ್ಕೂ ಬರುತ್ತದೆ. ಇನ್ನೊಬ್ಬರ ಮನೆಯ ಗುಟ್ಟು ನಿಮ್ಮ ಕೈಗೆ ಬರಬಹುದು. ಅಮ್ಮನಿಗೆ ಅದನ್ನೆಲ್ಲ ಮೊದಲೇ ಹೇಳಿ, ಅವರು ಮನಸಾರೆ ಒಪ್ಪಿದರೆ ಮಾತ್ರ ಮಾಡಿಸಿ. ನಾನಾದರೆ ಮದುವೆ, ದೀಕ್ಷಾಸ್ನಾನದ ನಮೂದು ನೋಡುವವರೆಗೆ ಆ ಮಾತನ್ನೇ ಎತ್ತುವುದಿಲ್ಲ.

ಮೈಸೂರು ಸಂಸ್ಥಾನದ ಗಣತಿಯಲ್ಲಿ ಹುಡುಕುವ ಶ್ರಮ ಬೇಡ. 1871, 1881, 1891, 1901ರಲ್ಲಿ ಇಲ್ಲಿಯೂ ಗಣತಿ ನಡೆಯಿತು. ವರದಿ, ಕೋಷ್ಟಕಗಳು ಪುಸ್ತಕವಾಗಿ ಸಿಗುತ್ತವೆ. ಕೋಲಾರದ ಗಣಿಗಳಲ್ಲಿ ಎಷ್ಟು ಜನ ಇದ್ದರು ಎಂಬ ಲೆಕ್ಕ ಅದರಲ್ಲಿ ಸಿಕ್ಕೀತು, ಯಾರ ಮನೆಯಲ್ಲಿ ಯಾರಿದ್ದರು ಎಂಬುದು ಸಿಗದು. ಹೆಸರುಗಳಿದ್ದ ಚೀಟಿಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸ್ವಾತಂತ್ರ್ಯಾನಂತರದವನ್ನು 1948ರ ಜನಗಣತಿ ಕಾಯಿದೆಯೇ ಯಾರಿಗೂ ತೋರಿಸುವುದಿಲ್ಲ. ಬ್ರಿಟನ್ನಿನಲ್ಲಿ ನೂರು ವರ್ಷ ಕಳೆದ ಮೇಲೆ ತೆರೆಯುವಂತೆ ಇಲ್ಲಿ ಇಲ್ಲ. ನಿಮ್ಮ ತಂದೆಯ ಕಡೆಯ ಮಾಲೂರಿನ ಮನೆತನ ಹುಡುಕುವಾಗಲೂ ಇದು ನೆನಪಿರಲಿ. ಅಲ್ಲಿ ಭೂದಾಖಲೆ, ಶಾಲೆಯ ದಾಖಲಾತಿ ಪುಸ್ತಕಗಳನ್ನು ಹಿಡಿಯಬೇಕು. ಮುತ್ತಜ್ಜನಿಗಾದರೆ ಚರ್ಚಿನ ಪುಸ್ತಕಗಳ ಜೊತೆಗೆ ಕೆಜಿಎಫ್‌ನ ಹಳೆಯ ಸ್ಮಶಾನದ ಕಲ್ಲುಗಳೂ ಇವೆ, ಎಷ್ಟೋ ಕಲ್ಲುಗಳ ಮೇಲೆ ಕಾರ್ನ್‌ವಾಲ್‌ನ ಊರಿನ ಹೆಸರನ್ನೇ ಕೆತ್ತಿಸಿದ್ದಾರೆ. ಬ್ರಿಟನ್ನಿನಿಂದ ಹೊರಟ ಹಡಗುಗಳ ಪ್ರಯಾಣಿಕರ ಪಟ್ಟಿ 1890ರಿಂದ 1960ರವರೆಗೆ ಉಳಿದಿದೆ, ಆ ತಾಯಿ ಮಕ್ಕಳೊಡನೆ ಮತ್ತೆ ಇತ್ತ ಬಂದಿದ್ದರೆ ಅಲ್ಲಿ ಕಾಣಬಹುದು. ಕಾರ್ನ್‌ವಾಲ್ ಬದಿಗೆ ಸ್ವಯಂಸೇವಕರು ಹಳೆಯ ಗಣತಿಗಳನ್ನು ಟೈಪು ಮಾಡಿಟ್ಟಿರುವ ಫ್ರೀಸೆನ್ ಜಾಲತಾಣ, ಕಾರ್ನ್‌ವಾಲ್‌ನ ಪ್ಯಾರಿಷ್ ಕ್ಲರ್ಕ್ ಸ್ವಯಂಸೇವಕರ ಕೋಶ ಎರಡೂ ಉಚಿತ, ಎರಡೂ ಚೆನ್ನಾಗಿವೆ.

ಅಂತರಜಾಲದ ಆ ವಂಶವೃಕ್ಷವನ್ನು ಮಾಡಿದವರಿಗೆ ಕೋಪದಿಂದ ಬರೆಯಬೇಡಿ. 11 ವರ್ಷ, ಅವಿವಾಹಿತ ಎಂಬ ಎರಡು ಸಂಗತಿ ತೋರಿಸಿ, ಮದುವೆ ಪತ್ರದ ಪ್ರತಿ ಕೈಗೆ ಬಂದ ಮೇಲೆ ಅದನ್ನೂ ಕಳಿಸಿ. ತಿದ್ದಿದರೆ ಸರಿ, ತಿದ್ದದಿದ್ದರೆ ನಿಮ್ಮದನ್ನು ನೀವು ಸರಿಯಾಗಿಡಿ. ನಿಮ್ಮ ಪಟ್ಟಿಯಲ್ಲಿ ಆ ಹತ್ತು ವರ್ಷದ ಹುಡುಗನನ್ನು ಸದ್ಯಕ್ಕೆ ‘ಅಜ್ಜಿಯ ಮನೆಯಲ್ಲಿ ಬೆಳೆದವನು, ತಾಯಿ ಬಹುಶಃ ಅಜ್ಜಿಯ ಮಗಳು, ಜನನ ಪತ್ರ ನೋಡಬೇಕು’ ಎಂದು ಬರೆದಿಡಿ. 1901ರ ಹೆಂಗಸನ್ನು ಮುತ್ತಜ್ಜನಿಗೆ ಇನ್ನೂ ಜೋಡಿಸಬೇಡಿ. ಪೆನ್ಸಿಲಿನಲ್ಲಿ ಕೂಡ ಬೇಡ. ಒಮ್ಮೆ ಗೆರೆ ಎಳೆದರೆ ಮುಂದೆ ಕಾಣುವುದೆಲ್ಲ ಅದಕ್ಕೇ ಸಾಕ್ಷಿಯಂತೆ ತೋರತೊಡಗುತ್ತದೆ.

ಅಮ್ಮನಿಗೆ ಈಗ ಏನು ಹೇಳಬೇಕು? ಮೊದಲ ಭಾಗವನ್ನು ಧಾರಾಳವಾಗಿ ಹೇಳಿ: ನಿಮ್ಮ ತಾತ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು, ಮಲತಂದೆಯ ಮನೆಯಲ್ಲಿ ಬೆಳೆದರು, ಇಪ್ಪತ್ತೊಂದಕ್ಕೆ ಅಜ್ಜಿಯ ಮನೆಯಲ್ಲಿದ್ದರು, ಅಲ್ಲಿಂದ ಮುಂದೆ ಕೋಲಾರಕ್ಕೆ ಬಂದರು ಎಂದು. ಇದು ಬಹುಪಾಲು ಗಟ್ಟಿಯಾದ ಸಂಗತಿ. 1901ರ ಮಾತನ್ನು 1904ರ ನಮೂದು ಕೈಗೆ ಬರುವವರೆಗೆ ಎತ್ತಬೇಡಿ. ಸೋದರಮಾವನವರು ಕೆದಕಬೇಡ ಎನ್ನುವುದು ತಾತನ ಮೇಲಿನ ಅಕ್ಕರೆಯಿಂದ ಇರಬಹುದು. ಅವರನ್ನೇ ಜೊತೆಗೆ ಕರೆದುಕೊಂಡು ಕೆಜಿಎಫ್‌ಗೆ ಹೋಗಿ ಚರ್ಚಿನ ರಿಜಿಸ್ಟರ್ ತೆರೆಸಿ. ಆ ನಮೂದಿನ ಚಿತ್ರ ಸಿಕ್ಕಿದರೆ ನನಗೂ ಕಳಿಸಿ. ವರನ ಸ್ಥಿತಿ, ವರನ ತಂದೆಯ ಹೆಸರು, ಸಾಕ್ಷಿಗಳ ಸಹಿ, ಈ ಮೂರೂ ಸ್ಪಷ್ಟವಾಗಿ ಕಾಣುವಂತೆ ತೆಗೆಯಿರಿ; ಸಾಕ್ಷಿಗಳಲ್ಲಿ ನಿಮ್ಮದೇ ಸರ್‌ನೇಮಿನ ಇನ್ನೊಬ್ಬ ಗಂಡಸಿದ್ದರೆ 1901ರ ಹೆಂಗಸಿನ ಗಂಡ ಅವನೇ ಇರಬಹುದೇ ಎಂದು ಅಲ್ಲಿಂದಲೇ ಹುಡುಕಲು ಶುರುಮಾಡೋಣ.